ಮಂಡಕ್ಕಿ ದೀಪ

ನಮ್ಮ ಅಡುಗೆಮನೆಯ ಡ್ರಾಯರ್ ಎಳೆದರೆ ಸೌಟು, ಚಮಚ, ಲಟ್ಟಣಿಗೆಗಳ ನಡುವೆ ಮೊಳಕ್ಕೆ ಸ್ವಲ್ಪವೇ ಕಡಿಮೆ ಉದ್ದದ ಒಂದು ಸ್ಕ್ರೂ ಡ್ರೈವರ್ ಮಲಗಿರುತ್ತದೆ. ಮರದ ಹಿಡಿ. ಆ ಹಿಡಿಯ ಒಂದು ಬದಿ ಮಾತ್ರ ನುಣ್ಣಗೆ ಸವೆದು, ಹೊಳಪು ಬಂದು, ಅಜ್ಜಿಯರ ಕಾಲದ ಕಡಗೋಲಿನ ಹಾಗೆ ಕಾಣುತ್ತದೆ. ಇವತ್ತು ಬೆಳಿಗ್ಗೆ ಅರಿಶಿಣದ ಡಬ್ಬಿಯ ಮುಚ್ಚಳ ಎಂದಿನಂತೆ ಹಟ ಹಿಡಿಯಿತು. ನಾನೂ ಎಂದಿನಂತೆ ಸ್ಕ್ರೂ ಡ್ರೈವರಿನ ತುದಿ ತೂರಿಸಿ ಮೀಟಿದೆ. ಮುಚ್ಚಳ ಟಪ್ ಎಂದು ಹಾರಿ, ಹಿಡಿಯ ಮೇಲೂ ನನ್ನ ಕೈಮೇಲೂ ಒಂದು ಪದರ ಅರಿಶಿಣ ಬಿತ್ತು. ಮೂಸಿದೆ. ಅರಿಶಿಣದ ಕೆಳಗೆ, ಎಷ್ಟು ಸಲ ಸೋಪು ಹಾಕಿ ತೊಳೆದರೂ ಹೋಗದೆ ಕೂತಿರುವ ಡೀಸೆಲ್ಲಿನ ವಾಸನೆ. ಅದು ಹೋಗುವುದಿಲ್ಲ. ನಿಜ ಹೇಳಬೇಕೆಂದರೆ, ಹೋಗಲಿ ಎಂದು ನಾನು ಜೋರಾಗಿ ತಿಕ್ಕಿಯೂ ಇಲ್ಲ.

ಅಡುಗೆಮನೆಯಲ್ಲಿ ಡೀಸೆಲ್ ವಾಸನೆ ಸಹಿಸುವ ಹೆಂಗಸು ಎಂಥವಳಿರಬಹುದು ಎಂದು ನೀವು ಮೂಗು ಮುರಿಯುವ ಮೊದಲು ಸ್ವಲ್ಪ ಕೇಳಿ.

ಹೊಸಪೇಟೆಯಲ್ಲಿ ಡ್ಯಾಮಿನ ಕಡೆ ಹೋಗುವ ರಸ್ತೆಗೆ ನಮ್ಮ ಮನೆ. ಮನೆಗೆ ಅಂಟಿಕೊಂಡೇ ತಗಡಿನ ಶೆಡ್ಡು. ಮಾವನವರು ಇದ್ದಾಗ ಕೊಂಡ ಲೋಡರ್ ಒಂದು ನಮ್ಮ ಮನೆತನದ ಯಜಮಾನನ ಹಾಗೆ ಆ ಶೆಡ್ಡಿಗೆ ಬಂದು ಹೋಗುತ್ತಿತ್ತು. ಲೋಡರ್ ಎಂದರೆ ನೀವು ಸಂಡೂರಿನ ರಸ್ತೆಯಲ್ಲಿ ನೋಡಿಯೇ ಇರುತ್ತೀರಿ: ನನ್ನ ಭುಜದೆತ್ತರದ ನಾಲ್ಕು ಗಾಲಿ, ಮುಂದೆ ಒಂದು ದೊಡ್ಡ ಬಾಯಿಯ ಬಕೆಟ್ಟು, ಅದಿರಿನ ರಾಶಿಗೆ ಮುಖ ಕೊಟ್ಟು ತುಂಬಿಕೊಂಡು ಲಾರಿಗೆ ಸುರಿಯುವ ಯಂತ್ರ. ವಾರಗಟ್ಟಲೆ ಸಂಡೂರಿನ ಸ್ಟಾಕ್‌ಯಾರ್ಡಿನಲ್ಲಿ ದುಡಿದು, ರಿಪೇರಿ ಇದ್ದಾಗ ಮಾತ್ರ ಟ್ರೇಲರ್ ಮೇಲೆ ಕೂತು ಮನೆಗೆ ಬರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಮಗಳು ತವರಿಗೆ ಬರುವ ಹಾಗೆ ಇದು ಬರುತ್ತದಲ್ಲ ಎಂದು ನಗು ಬಂದಿತ್ತು. ನಗು ಹೆಚ್ಚು ದಿನ ಉಳಿಯಲಿಲ್ಲ. ಬೇಸಿಗೆಯಲ್ಲಿ ನಾನೂ ಅತ್ತೆಯೂ ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟು ಕೆಳಗಿಳಿಯುವುದಕ್ಕೂ ಕೆಳಗೆ ಇದು ಸ್ಟಾರ್ಟ್ ಆಗುವುದಕ್ಕೂ ಸರಿಹೋಗುತ್ತಿತ್ತು. ಮೊದಲು ಒಂದು ಗೊರಕೆ, ಆಮೇಲೆ ಒಂದು ಕೆಮ್ಮು, ಆಮೇಲೆ ಕೊಳವೆಯಿಂದ ಕಪ್ಪು ಹೊಗೆಯ ಒಂದು ದೊಡ್ಡ ಜಡೆ ಮೇಲೆದ್ದು, ನಿಧಾನವಾಗಿ ಬಿಚ್ಚಿಕೊಂಡು, ನಮ್ಮ ಸಂಡಿಗೆಯ ಮೇಲೆ ಹರಡುತ್ತಿತ್ತು. ಕರಿದಾಗ ಎಳ್ಳು ಹಾಕಿದ್ದೀರಾ ಎಂದು ಕೇಳಿದ ನೆಂಟರಿಗೆ ಅತ್ತೆ ಕಣ್ಣು ಮಿಟುಕಿಸದೆ "ಹೌದ್ರಿ, ಕರಿ ಎಳ್ಳು" ಎಂದಿದ್ದರು.

ಆ ಲೋಡರಿನ ಆಪರೇಟರ್ ಹುಲಿಗೆಪ್ಪ. ಬಂಡ್ರಿಯವನು. ಮಾವನವರ ಕಾಲದಿಂದ ಆ ಸೀಟಿನಲ್ಲಿ ಕೂತವನು ಬೇರೆ ಸೀಟಿನಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ನಮ್ಮ ಮನೆಗೆ ಬಂದರೂ ಮೆಟ್ಟಿಲ ಮೇಲೆ ಕೂರುತ್ತಾನೆಯೇ ಹೊರತು ಕುರ್ಚಿಯ ಮೇಲಲ್ಲ. ಮಾವನವರು ಅವನಿಗೆ ಧಣಿ. ಅದರಿಂದಾಗಿ ನಮ್ಮ ಮನೆಯವರು, ಮೀಸೆ ನೆರೆತು ಮಂಡಿ ನೋವಿನ ಮಾತ್ರೆ ನುಂಗುವ ಈ ದಿನಕ್ಕೂ, ಅವನ ಬಾಯಲ್ಲಿ 'ಸಣ್ಣ ಧಣಿ'. ನನ್ನನ್ನು ಅಕ್ಕಾರ ಎನ್ನುತ್ತಾನೆ, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನಾದರೂ. ನಾನು ಹುಲಿಗೆಪ್ಪಣ್ಣ ಎನ್ನುತ್ತೇನೆ. ಹೀಗೆ ನಮ್ಮಲ್ಲಿ ಯಾರು ಯಾರಿಗಿಂತ ದೊಡ್ಡವರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಸ್ಕ್ರೂ ಡ್ರೈವರ್ ಅವನದು. ಅದರಿಂದ ಅವನು ಸ್ಕ್ರೂ ತಿರುಗಿಸಿದ್ದು ಕಡಿಮೆ. ಇಂಜಿನ್ ಓಡುತ್ತಿರುವಾಗ ಅದರ ಕಬ್ಬಿಣದ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಹಿಡಿಯ ಒಂದು ಬದಿ ಸವೆದದ್ದು ಹಾಗೆ, ಅವನ ಕಿವಿಗೆ. ನಾವೆಲ್ಲ ಉಸಿರು ಬಿಗಿಹಿಡಿದು, ಡಾಕ್ಟರ ಮುಂದೆ ನಿಂತ ರೋಗಿಯ ಮನೆಯವರ ಹಾಗೆ ಕಾಯುತ್ತಿದ್ದೆವು. ಅವನು ಕಣ್ಣು ತೆರೆದು, "ಮೂರನೇದು ಕೆಮ್ಮಾಕತ್ತೈತಿ" ಅನ್ನುತ್ತಿದ್ದ. ಬಿಚ್ಚಿದರೆ ಮೂರನೆಯ ಸಿಲಿಂಡರೇ.

ನನಗೆ ಅದು ವಿಚಿತ್ರ ಅನ್ನಿಸಲಿಲ್ಲ. ನನ್ನ ತವರು ಕಂಪ್ಲಿ. ಅಪ್ಪನದು ಅಕ್ಕಿ ಗಿರಣಿ. ಗಿರಣಿಯ ಹಳೆಯ ಆಯಿಲ್ ಇಂಜಿನ್ನು ಟುಕ್ ಟುಕ್ ಎನ್ನುತ್ತಿದ್ದರೆ ಅಪ್ಪ ಊಟ ಮುಂದುವರಿಸುತ್ತಿದ್ದರು. ಟುಕ್ ಒಂದು ತಪ್ಪಿದರೆ ತುತ್ತು ಬಾಯಿಗೆ ಹೋಗುವ ಮೊದಲೇ ನಿಲ್ಲುತ್ತಿತ್ತು. ನನ್ನನ್ನು ಕಾನ್ವೆಂಟಿನ ಹಾಸ್ಟೆಲಿಗೆ ಸೇರಿಸಿದಾಗ ಮೊದಲ ವಾರ ನಿದ್ದೆಯೇ ಬರಲಿಲ್ಲ. ಸಿಸ್ಟರ್ ಬಂದು, ಅಮ್ಮನ ನೆನಪಾಯಿತೇ ಎಂದು ಕೇಳಿದರು. ಇಂಜಿನ್ನಿನ ನೆನಪಾಯಿತು ಎನ್ನುವುದು ಇಂಗ್ಲಿಷಿನಲ್ಲಿ ಹೇಗೆಂದು ಗೊತ್ತಿಲ್ಲದೆ ಹೌದೆಂದು ತಲೆಯಾಡಿಸಿದೆ. ಅದೇ ಸಿಸ್ಟರ್ ನಮಗೆ ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ ರಸ್ತೆ ದಾಟುವುದನ್ನು ಕಲಿಸಿದರು. ಅವರ ಪಾಠ ಒಂದೇ: ಸಂದೇಹ ಬಂದರೆ ನಿಲ್ಲು. ಎದುರಿಗೆ ಬರುತ್ತಿರುವುದು ಎತ್ತಿನ ಗಾಡಿಯೋ ಲಾರಿಯೋ ಎಂದು ತಿಳಿಯದಿದ್ದರೆ, ನಿಲ್ಲು. ಈ ಪಾಠವನ್ನು ನಾನು ಮರೆತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಸ್ಟಾಕ್‌ಯಾರ್ಡಿನವರು, ಕಪ್ಪು ಹೊಗೆ ಬಿಡುವ ಗಾಡಿಗಳನ್ನು ಇನ್ನು ಒಳಗೆ ಬಿಡುವುದಿಲ್ಲ ಎಂದರು. ಹಳೆಯ ಇಂಜಿನ್ನಿಗೂ ವಯಸ್ಸಾಗಿತ್ತು. ಕುಡಿಯುವುದು ಹೆಚ್ಚು, ದುಡಿಯುವುದು ಕಡಿಮೆ. ಎಲ್ಲರೂ ಗಾಡಿಯನ್ನು ಗುಜರಿಗೆ ಹಾಕಿ ಹೊಸದು ತನ್ನಿ ಎಂದರು. ನಮ್ಮ ಮನೆಯವರು ಶೆಡ್ಡಿಗೆ ಹೋಗಿ ಗಾಡಿಯ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ ಬಂದು, "ಅಪ್ಪನ ಕಬ್ಬಿಣ. ಇದಕ್ಕೇನಾಗೈತಿ? ಇಂಜಿನ್ ಅಷ್ಟ ಹೊಸಾದು ಹಾಕಿಸ್ತೀನಿ" ಎಂದರು. ನನ್ನನ್ನು ಒಪ್ಪಿಸುವ ಅಗತ್ಯವಿರಲಿಲ್ಲ. ಸಂಡಿಗೆಯ ಪರವಾಗಿ ನಾನು ಯಾವತ್ತೋ ಒಪ್ಪಿದ್ದೆ.

ಹೊಸ ಇಂಜಿನ್ನು ಮರದ ಪೆಟ್ಟಿಗೆಯಲ್ಲಿ ಬಂತು. ಒಂದು ವಾರ ಶೆಡ್ಡಿನಲ್ಲಿ ಬೆಸುಗೆಯ ಕಿಡಿ. ಕೊನೆಯ ದಿನ ಹುಲಿಗೆಪ್ಪ ಮಿಂದು, ವಿಭೂತಿ ಬಟ್ಟಲು ಹಿಡಿದು ಬಂದ. ಹಳೆಯದಕ್ಕಾದರೆ ಎಲ್ಲಿ ಮೂರು ಬೆರಳು ಎಳೆಯಬೇಕೆಂದು ಅವನಿಗೆ ಗೊತ್ತಿತ್ತು. ಇದರ ತಲೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಟೋಪಿ, ಸುತ್ತ ವೈರು.

"ಅಲ್ಲಿ ಹಚ್ಚಬ್ಯಾಡ್ರಿ, ಸೆನ್ಸರ್ ಐತಿ," ಎಂದರು ಇಂಜಿನ್ ಕಂಪನಿಯಿಂದ ಬಂದಿದ್ದ ಇಂಜಿನಿಯರು.

"ಇಲ್ಲಿ?"

"ಅಲ್ಲೂ ಸೆನ್ಸರ್ರ."

"ಮತ್ತ ದೇವ್ರು ಎಲ್ಲಿ ಕುಂದ್ರಬೇಕ್ರಿ?" ಎಂದು ಹುಲಿಗೆಪ್ಪ ಕೇಳಿದ. ಕಡೆಗೆ ಪ್ಲಾಸ್ಟಿಕ್ ಟೋಪಿಯ ಮೇಲೇ ಮೂರು ಗೆರೆ ಎಳೆದ.

ಇಂಜಿನ್ ಶುರುವಾಯಿತು. ಶುರುವಾಯಿತು ಎಂದು ಇಂಜಿನಿಯರು ಹೇಳಿದ್ದರಿಂದ ನಮಗೆ ತಿಳಿಯಿತು. ಗೊರಕೆ ಇಲ್ಲ, ಕೆಮ್ಮಿಲ್ಲ, ಹೊಗೆಯ ಜಡೆ ಇಲ್ಲ. ಶ್ರೀಮಂತರ ಮನೆಯ ಫ್ಯಾನಿನ ಹಾಗೆ ಒಂದು ಗುಂಯ್. ನಮ್ಮ ಮನೆಯವರ ಮುಖ ಅರಳಿತು. ಹುಲಿಗೆಪ್ಪ ಸ್ಕ್ರೂ ಡ್ರೈವರ್ ತೆಗೆದು, ವೈರುಗಳ ನಡುವೆ ಜಾಗ ಹುಡುಕಿ ಒತ್ತಿ, ಕಿವಿಯಿಟ್ಟು ನಿಂತ. ಬಹಳ ಹೊತ್ತು ನಿಂತ. ಇನ್ನೊಂದು ಕಡೆ ಒತ್ತಿ ನೋಡಿದ.

"ಏನಂತೈತಿ?" ಎಂದೆ ನಾನು.

"ಏನೂ ಅನ್ನವಲ್ದ್ರಿ ಅಕ್ಕಾರ. ಪರಊರಿಂದ ಬಂದ ಸೊಸಿ ಹಂಗ ಕುಂತೈತಿ."

ಅವತ್ತು ಹೋಗುವಾಗ ಹಿತ್ತಲ ಬಾಗಿಲಿಗೆ ಬಂದು ಸ್ಕ್ರೂ ಡ್ರೈವರನ್ನು ನನ್ನ ಕೈಗೆ ಕೊಟ್ಟ. "ಇಟ್ಕೊಳ್ರಿ. ಡಬ್ಬಿ ಮುಚ್ಚಳ ತೆಗ್ಯಾಕ ಬರ್ತೈತಿ. ಇನ್ನ ಎಲ್ಲಾ ಟೀವ್ಯಾಗ ಬರ್ತೈತಂತ." ಟೀವಿ ಎಂದರೆ ಕ್ಯಾಬಿನ್ನಿನಲ್ಲಿ ಹೊಸದಾಗಿ ಕೂರಿಸಿದ್ದ ಅಂಗೈಯಗಲದ ಪರದೆ. ನಗುತ್ತಲೇ ಹೇಳಿದ. ಆದರೆ ಟವೆಲ್ಲನ್ನು ಹೆಗಲಿನಿಂದ ತೆಗೆದು, ಝಾಡಿಸಿ, ಮತ್ತೆ ಅದೇ ಹೆಗಲಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ.

ಆ ಟೀವಿ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಹುಲಿಗೆಪ್ಪ ಕನ್ನಡ ಓದುತ್ತಾನೆ, ಇಂಗ್ಲಿಷ್ ಬರುವುದಿಲ್ಲ. ಇಂಜಿನಿಯರು ನಮ್ಮ ಮನೆಯವರಿಗೆ ಒಂದು ಗಂಟೆ ಕಾಲು ಕನ್ನಡ, ಮುಕ್ಕಾಲು ಇಂಗ್ಲಿಷಿನಲ್ಲಿ ಪಾಠ ಹೇಳಿ, ದಪ್ಪದೊಂದು ಪುಸ್ತಕ ಕೊಟ್ಟು ಹೋಗಿದ್ದರು. ಹಿಂದೆ ನಿಂತಿದ್ದ ಹುಲಿಗೆಪ್ಪ ಎಲ್ಲದಕ್ಕೂ ತಲೆಯಾಡಿಸಿದ್ದ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು, "ಒಂದು ತಿಂಗಳು ನೋಡ್ತೀನಿ. ಆಗ್ಲಿಲ್ಲಂದ್ರ ಟ್ರೇನಿಂಗ್ ಆದವ್ರನ್ನ ಕುರೆಕುಪ್ಪದ ಕಡಿಯಿಂದ ಕರಸ್ತೀನಿ. ಗಾಡಿ ಕೆಟ್ರ ಯಾರ್ಡಿನವ್ರು ಹೊರಗ ಹಾಕ್ತಾರ," ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಹೇಳಿದ ಮೇಲೆ ಮಜ್ಜಿಗೆ ಬೇಡವೆಂದು ಎದ್ದುಹೋದರು.

ಆಗ ನನ್ನೊಳಗಿನ ಕಾನ್ವೆಂಟ್ ಎಚ್ಚರವಾಯಿತು. ನನ್ನ ಇಂಗ್ಲಿಷ್ ಎಂದರೆ ಇಪ್ಪತ್ತು ವರ್ಷದಿಂದ ಮಾತ್ರೆಯ ಚೀಟಿ ಓದುವುದಕ್ಕೂ, ಹಂಪಿಗೆ ದಾರಿ ಕೇಳಿದ ಪರದೇಶದವರಿಗೆ ಬಸ್‌ಸ್ಟ್ಯಾಂಡ್ ತೋರಿಸುವುದಕ್ಕೂ ಮಾತ್ರ ಬಳಕೆಯಾಗುತ್ತಿದ್ದ ವಸ್ತು. ಇಂಗ್ಲಿಷ್ ಪ್ರಬಂಧ ಸ್ಪರ್ಧೆಯಲ್ಲಿ ಬಂದ ಸ್ಟೀಲ್ ಲೋಟ ಇನ್ನೂ ಇದೆ. "ಪುಸ್ತಕ ನಾನು ಓದಿ ಹೇಳ್ತೀನಿ," ಎಂದೆ. ನಮ್ಮ ಮನೆಯವರು ನನ್ನನ್ನೂ ಪುಸ್ತಕವನ್ನೂ ಒಂದು ಸಲ ನೋಡಿ, "ನೋಡು," ಎಂದರು.

ಹೀಗೆ ಹಿತ್ತಲ ಮೆಟ್ಟಿಲ ಮೇಲೆ ಬೆಳಗಿನ ಶಾಲೆ ಶುರುವಾಯಿತು. ಹುಲಿಗೆಪ್ಪ ಮೊದಲ ಬಸ್ಸಿಗೆ ಬರುತ್ತಿದ್ದ. ಗಾಡಿ ಯಾರ್ಡಿಗೆ ಹೋದ ಮೇಲೂ ಮೊದಲು ಇಲ್ಲಿಗೆ ಬಂದು, ಪಾಠ ಕೇಳಿ, ಆಮೇಲೆ ನಮ್ಮ ಮನೆಯವರ ಜೀಪಿನಲ್ಲಿ ಸಂಡೂರಿಗೆ. ಮಂಡಕ್ಕಿ ಒಗ್ಗರಣಿ, ಮಿರ್ಚಿ, ಚಹಾ. ಆಮೇಲೆ ದೀಪಗಳ ಪಾಠ. ಪರದೆಯ ಮೇಲೆ ಬರುವ ಚಿತ್ರಗಳನ್ನೆಲ್ಲ ನಾನು ಒಂದು ಡ್ರಾಯಿಂಗ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದೆ. ಆಯಿಲಿನ ಚಿತ್ರ ನೋಡಿ ಅವನು, "ಇದು ತುಪ್ಪದ ಗಿಂಡಿ," ಎಂದ. ಬಿಸಿಯ ಚಿತ್ರ, "ನೀರಾಗ ನಿಂತ ಬಾವುಟ." ಒಂದು ಪೆಟ್ಟಿಗೆ, ಅದರೊಳಗೆ ಚುಕ್ಕಿ ಚುಕ್ಕಿ ಇದ್ದ ಹಳದಿ ಚಿತ್ರ ಬಂದಾಗ ಇಬ್ಬರೂ ತಡೆದೆವು. ಅವನು ತನ್ನ ತಟ್ಟೆ ನೋಡಿಕೊಂಡು, "ಮಂಡಕ್ಕಿ ಚೀಲ ಅಲ್ರಿ?" ಎಂದ. ಪುಸ್ತಕದಲ್ಲಿ ಅದರ ಬಗ್ಗೆ ಹನ್ನೊಂದು ಪುಟ ಇತ್ತು. ನೋಡಿದೆ, ಕಷ್ಟವಾಗಿತ್ತು. ಶಾಲೆಯಲ್ಲಿ ಪರೀಕ್ಷೆಗೆ ಬರದ ಪಾಠ ಬಿಡುವ ಹಾಗೆ ಬಿಟ್ಟೆ. ಬಿಟ್ಟದ್ದನ್ನು ಮುಚ್ಚಿಕೊಳ್ಳುವುದಕ್ಕೆ, ಸಿಸ್ಟರನ್ನು ನೆನೆದು, ಕೊನೆಯ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: 'ಯಾವ ದೀಪ ಬಂದರೂ ಇಂಜಿನ್ ಬಂದ್ ಮಾಡುವುದು.'

ಹುಲಿಗೆಪ್ಪ ಅದನ್ನು ಜೋರಾಗಿ ಓದಿದ. "ಇದು ಚಲೋ ಆತ್ ನೋಡ್ರಿ. ಒಂದ ಮಾತು."

ಹನ್ನೆರಡು ದಿನ ಎಲ್ಲ ಸರಿಯಾಗಿತ್ತು. ನಮ್ಮ ಮನೆಯವರ ಅಂಗಿ ನೆನೆಸಿದರೆ ಬಕೆಟ್ಟಿನ ನೀರು ಅದಿರಿನ ಧೂಳಿಗೆ ಕೆಂಪಾಗುತ್ತಿತ್ತೇ ಹೊರತು ಕಪ್ಪಾಗುತ್ತಿರಲಿಲ್ಲ. ಗುರುವೆಂಬ ಹೆಮ್ಮೆಯಿಂದ ನಾನು ಪಕ್ಕದ ಮನೆಯವರಿಗೆ ಇಂಜಿನ್ನಿನ ವಿಷಯ ಕೇಳದೆಯೇ ಹೇಳುತ್ತಿದ್ದೆ.

ಹದಿಮೂರನೆಯ ದಿನ ನಮ್ಮ ಮನೆಯವರು ಮಧ್ಯಾಹ್ನ ಊಟಕ್ಕೆ ಬಂದು, ಕೈ ತೊಳೆಯದೆ ಕೂತರು. ಬೆಳಿಗ್ಗೆ ಬಕೆಟ್ ತುಂಬ ಅದಿರು ಎತ್ತಿಕೊಂಡ ಲೋಡರ್, ಲಾರಿಗಳ ಸಾಲಿನ ಮುಂದೆ, ಬಸುರಿ ಎಮ್ಮೆಯ ಹಾಗೆ ತೆವಳತೊಡಗಿತ್ತು. ಎಷ್ಟು ತುಳಿದರೂ ಓಡದು. ಇಂಜಿನಿಯರು ಬಂದು ಕಂಪ್ಯೂಟರ್ ಜೋಡಿಸಿ ನೋಡಿದರು. ಹೊಗೆ ಹೋಗುವ ದಾರಿಯಲ್ಲಿ ಒಂದು ಜರಡಿ ಇದೆಯಂತೆ. ಮಸಿಯೆಲ್ಲ ಅದರಲ್ಲಿ ನಿಲ್ಲುತ್ತದೆ. ಜರಡಿ ತುಂಬಿದಾಗ ಇಂಜಿನ್ ತಾನೇ ಬಿಸಿಯಾಗಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಅದಕ್ಕೆ ಅರ್ಧ ಗಂಟೆ ಬೇಕು. ಆಗ ಒಂದು ಹಳದಿ ದೀಪ ಹತ್ತುತ್ತದೆ.

"ಆ ದೀಪ ಹತ್ತಿದಾಗೆಲ್ಲ ಇಂವ ಇಂಜಿನ್ ಬಂದ್ ಮಾಡ್ಯಾನ! ಹದಿನಾಕು ಸಲ! ಕಂಪ್ಯೂಟರ್‌ನಾಗ ಎಲ್ಲಾ ಬರದೈತಿ. ಯಾರು ಹೇಳಿದ್ರು ನಿನಗ ಅಂದೆ. ಯಾರೂ ಹೇಳಿಲ್ರಿ ಸಣ್ಣ ಧಣಿ, ನನಗ ತಿಳೀಲಿಲ್ಲ ಅಂದ. ಸಾಕು. ನಾಳಿಯಿಂದ ಬ್ಯಾರೆ ಆಪರೇಟರ್."

ನನ್ನ ಕೈಯಲ್ಲಿ ಸಾರಿನ ಸೌಟು. ಅದು ಬಟ್ಟಲಿನ ಮೇಲೆ ಹಾಗೇ ನಿಂತಿತು. ಹಳದಿ ದೀಪ. ಮಂಡಕ್ಕಿ ಚೀಲ. ನನ್ನ ಅಕ್ಷರವಿದ್ದ ಡ್ರಾಯಿಂಗ್ ಪುಸ್ತಕ ಆ ಗಾಡಿಯಲ್ಲೇ ಇರುತ್ತಿತ್ತು, ಸೀಟಿನ ಬಳಿ. ಅದನ್ನು ತೆಗೆದು ಒಂದು ಸಲ ತೋರಿಸಿದ್ದರೆ ಅವನ ಕೆಲಸ ಉಳಿಯುತ್ತಿತ್ತು.

"ನಾನು ಹೇಳಿದ್ದು," ಎಂದೆ.

"ಏನು?"

"ಬಂದ್ ಮಾಡು ಅಂತ. ಬರೆದೇ ಕೊಟ್ಟೀನಿ. ಹನ್ನೊಂದು ಪುಟ ಓದಲಿಲ್ಲ ನಾನು."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಕಾದೆ, ಬೈದಿದ್ದರೆ ಸುಲಭವಾಗುತ್ತಿತ್ತು. "ಸ್ಟೀಲ್ ಲೋಟ ಗೆದ್ದಾಕಿ," ಎಂದರು, ಅಷ್ಟೇ. ಆಮೇಲೆ ಸಾರು ಬಡಿಸಿಕೊಳ್ಳಲು ಬಟ್ಟಲು ಮುಂದಕ್ಕೆ ತಳ್ಳಿದರು. ನಾನು ಬಡಿಸಿ, ಪುಸ್ತಕ ತೆಗೆದುಕೊಂಡು, ಚಪ್ಪಲಿ ಹಾಕಿಕೊಂಡು ಜೀಪಿನಲ್ಲಿ ಹೋಗಿ ಕೂತೆ. ದಾರಿಯುದ್ದಕ್ಕೂ ಆ ಹನ್ನೊಂದು ಪುಟ ಓದಿದೆ. ಅಂಥ ಕಷ್ಟವೇನೂ ಇರಲಿಲ್ಲ.

ಯಾರ್ಡಿನಲ್ಲಿ ಲೋಡರ್ ಬದಿಗೆ ನಿಂತಿತ್ತು. ಹುಲಿಗೆಪ್ಪ ಸೀಟಿನಲ್ಲೇ ಇದ್ದ, ಕೊನೆಯ ಸಲ ಎನ್ನುವ ಹಾಗೆ ಗಾಜು ಒರೆಸುತ್ತ. ನಾನು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಬ್ಬಿಣದ ಏಣಿ ಹತ್ತಿದೆ. ಇಷ್ಟು ವರ್ಷ ಈ ಗಾಡಿಗೆ ಆರತಿ ಎತ್ತಿದ್ದೇನೆ, ಹತ್ತಿದ್ದು ಅವತ್ತೇ ಮೊದಲು.

"ಹುಲಿಗೆಪ್ಪಣ್ಣ, ಆ ಡ್ರಾಯಿಂಗ್ ಪುಸ್ತಕ ಕೊಡ್ರಿ."

"ಅದು ಮನ್ಯಾಗ ಉಳೀತ್ರಿ ಅಕ್ಕಾರ," ಎಂದ, ಅದರ ಮೇಲೆಯೇ ಕೂತುಕೊಂಡು. ಮೂಲೆ ಹೊರಗೆ ಕಾಣುತ್ತಿತ್ತು.

"ಏಳ್ರಿ ಮ್ಯಾಲೆ."

ಎದ್ದ. ಪುಸ್ತಕ ತೆಗೆದು, ಕೆಳಗೆ ನಿಂತಿದ್ದ ನಮ್ಮ ಮನೆಯವರಿಗೆ ಕೊನೆಯ ಹಾಳೆ ತೋರಿಸಿದೆ. "ನೋಡ್ರಿ, ಯಾರ ಅಕ್ಷರ." ಹುಲಿಗೆಪ್ಪ ತಲೆ ತಗ್ಗಿಸಿ ಹೇಳಿದ, "ಪಾಠ ಹೇಳಿದವ್ರ ಹೆಸ್ರು ಹೆಂಗ ತಗೊಳ್ಳಿ ಸಣ್ಣ ಧಣಿ? ಮಿರ್ಚಿ ತಿಂದೀನಿ."

ನಮ್ಮ ಮನೆಯವರಿಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಕೆಲಸ. ಸುಡದೆ ಉಳಿದ ಮಸಿಯನ್ನು ಈಗ ನಾವೇ ಬಟನ್ ಒತ್ತಿ ಸುಡಿಸಬೇಕಿತ್ತು; ಹೇಗೆಂಬುದು ಪುಸ್ತಕದಲ್ಲಿದೆ ಎಂದು ಹೇಳಿ ಇಂಜಿನಿಯರು ಆಗಲೇ ಹೊರಟುಹೋಗಿದ್ದರು. ನಾನು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಗಾಡಿಯ ಹಿಂದೆ ಯಾರೂ ಇರಬಾರದು, ಒಣಹುಲ್ಲು ಇರಬಾರದು, ಬಕೆಟ್ ನೆಲಕ್ಕೆ, ಬ್ರೇಕು, ಈ ಬಟನ್ ಮೂರೆಣಿಸುವವರೆಗೆ ಒತ್ತಿ. ಅವನು ಒತ್ತಿದ. ಇಂಜಿನ್ ತಾನಾಗಿಯೇ ಏರಿತು, ಯಾರೂ ತುಳಿಯದೆ. ಹುಲಿಗೆಪ್ಪನ ಕೈ ತಂತಾನೆ ಕೀಲಿಯ ಕಡೆ ಹೋಯಿತು.

"ಬ್ಯಾಡ," ಎಂದೆ.

"ಮೈ ಬಿಸಿ ಆಗಾಕತ್ತೈತ್ರಿ."

"ಆಗ್ಲಿ. ಮೈ ತೊಳ್ಕೊಳ್ಳಾಕತ್ತೈತಿ."

"ಹಂಗಂತ ಮೊದ್ಲ ಹೇಳಬಾರ್ದೇನ್ರಿ? ಹದಿನಾಕು ಸಲ ಎಣ್ಣಿ ಹಚ್ಕೊಂಡು ಕುಂತಾಕಿನ್ನ ಬಚ್ಚಲಿಂದ ಎಬ್ಬಿಸೀನಿ ನಾನು!"

ನಲವತ್ತು ನಿಮಿಷ. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ನಾನು ಪೆನ್ನು ತೆಗೆದು ನನ್ನ ದಪ್ಪ ಅಕ್ಷರದ ಸಾಲನ್ನು ಹೊಡೆದು, ಕೆಳಗೆ ಬರೆದೆ: 'ಕೆಂಪು ದೀಪ ಬಂದರೆ ನಿಲ್ಲಿಸಬೇಕು. ಮಂಡಕ್ಕಿ ದೀಪ ಬಂದರೆ ಕಾಯಬೇಕು.' ದೀಪ ಆರಿತು. ಹುಲಿಗೆಪ್ಪ ಬಕೆಟ್ ಎತ್ತಿದ, ರಾಶಿಗೆ ಮುಖ ಕೊಟ್ಟ, ಗಾಡಿ ಅದಿರಿನೊಳಕ್ಕೆ ನುಗ್ಗಿತು. ನಾನು ಬಾಗಿಲಿನ ಕಂಬಿ ಹಿಡಿದು ಕೂಗಿದೆ, ಇಳಿಸಿ ಎಂದು. ಅವನೂ ಅವನ ಗಾಡಿಯೂ ನನ್ನನ್ನು ಮರೆತಿದ್ದರು. ಬೇರೆ ಆಪರೇಟರಿನ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಇಷ್ಟೆಲ್ಲ ನೆನಪಾದದ್ದು ಅರಿಶಿಣದ ಡಬ್ಬಿಯಿಂದ. ನೆನೆಯುತ್ತ ಚಟ್ನಿಗೆಂದು ಮಿಕ್ಸಿ ಹಾಕಿದೆ. ನಾಲ್ಕು ದಿನದಿಂದ ಅದರದೊಂದು ಅಪಸ್ವರ. ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತಲ್ಲ, ತುದಿಯನ್ನು ಮಿಕ್ಸಿಯ ಬುಡಕ್ಕೆ ಒತ್ತಿ, ಹಿಡಿಯ ಸವೆದ ಬದಿಗೆ ಕಿವಿಯಿಟ್ಟೆ. ಅಯ್ಯೋ, ಎಷ್ಟು ಮಾತಾಡುತ್ತದೆ! ಗುಂಯ್ ಎನ್ನುವುದರ ಅಡಿಯಲ್ಲಿ ಕರ್ ಕರ್ ಎಂದು ಬೇರೆಯೇ ಒಂದು ತಕರಾರು. ಕಣ್ಣು ತೆರೆದರೆ ಹಿತ್ತಲ ಬಾಗಿಲಲ್ಲಿ ಹುಲಿಗೆಪ್ಪ.

"ಏನಂತೈತ್ರಿ?" ಎಂದ.

"ಮೋಟಾರಿನ ಬುಷ್ ಸವೆದೈತಿ ಅನ್ಸತೈತಿ."

ಒಳಗೆ ಬಂದು, ನನ್ನ ಕೈಯಿಂದ ತೆಗೆದುಕೊಂಡು ಕೇಳಿದ. ಕಣ್ಣು ಮುಚ್ಚಿದ. ನಾನು ಉಸಿರು ಹಿಡಿದೆ.

"ಬುಷ್ಷ," ಎಂದ. "ಪಾಸಾದ್ರಿ."

ಚಹಾ ಕೊಟ್ಟೆ. ಮೆಟ್ಟಿಲ ಮೇಲೆ ಕೂತು ಕುಡಿದು, ಲೋಟ ಕೆಳಗಿಟ್ಟ. "ಇದನ್ನ ಒಯ್ತೀನ್ರಿ ಅಕ್ಕಾರ. ಎರಡ್ ದಿನ ಆತು, ಗೇರ್ ಬಾಕ್ಸಿನ ಕಡೆ ಏನೋ ಗುಣುಗುಣು. ಟೀವ್ಯಾಗ ನೋಡಿದ್ರ ಎಲ್ಲಾ ಚಲೋ ಐತಿ ಅಂತೈತಿ. ಅದು ಇಂಜಿನ್ ಸುದ್ದಿ ಅಷ್ಟ ಹೇಳ್ತೈತ್ರಿ. ಉಳದಿದ್ ಮೈ ದೊಡ್ಡ ಧಣೇರ ಕಾಲದ್ದು. ಅದ್ರ ಸುದ್ದಿ ಕೇಳಾವ್ರು ಯಾರು?"

ಹೆಗಲಿನ ಟವೆಲ್ ತೆಗೆದು ಹಿಡಿಯನ್ನು ಒರೆಸಹೋದ. ಅರಿಶಿಣ ಕಂಡಿತು. ಒಂದು ಗಳಿಗೆ ನೋಡಿ, ಒರೆಸದೆ ಹಾಗೇ ಕಂಕುಳಲ್ಲಿ ಇಟ್ಟುಕೊಂಡ. "ಇದಕ್ಕರ ಇರ್ಲಿ. ಇಂಜಿನ್ ಹಣಿಗೆ ಹಚ್ಚಾಕ ಅಲ್ಲಿ ಜಾಗ ಇಲ್ಲ, ಎಲ್ಲಾ ಸೆನ್ಸರ್ರು," ಎಂದು ಜೀಪಿನ ಕಡೆ ನಡೆದ.

ಈಗ ಡ್ರಾಯರಿನಲ್ಲಿ ಸೌಟಿಗೂ ಲಟ್ಟಣಿಗೆಗೂ ನಡುವೆ ಮೊಳದುದ್ದದ ಜಾಗ ಖಾಲಿಯಿದೆ. ಮುಚ್ಚಳ ತೆಗೆಯಲು ಹೋಗಿ ಮಧ್ಯಾಹ್ನವೇ ಒಂದು ಚಮಚ ಸೊಟ್ಟಗಾಯಿತು. ಮಿಕ್ಸಿ ರಿಪೇರಿಯವರು ಸಂಜೆ ಬರುತ್ತಾರಂತೆ. ಏನಾಗಿದೆ ಎಂದು ಅವರು ಬಿಚ್ಚಿ ನೋಡಿ ಹೇಳಲಿ. ನನಗೆ ಗೊತ್ತು.